ತಡವಾಗಿ ಉತ್ತರ ಕೊಡುವ ಮರ: ಬೇಲಿಯ ಯೂ ಬೋನ್ಸಾಯ್ ಆದ ಬಗೆ

ಮೂರನೇ ವರ್ಷದ ಜೂನ್‌ನಲ್ಲಿ ಈ ಮರದ ಬಲಗಡೆಯ ಮುಖ್ಯ ಕೊಂಬೆ ಹಳದಿಗೆ ತಿರುಗಿತು. ಆ ಹೊತ್ತಿಗೆ ನಾನು ಅದನ್ನು ಮುಟ್ಟಿ ತಿಂಗಳುಗಳೇ ಆಗಿದ್ದವು. ನೀರು ಸರಿಯಾಗಿತ್ತು, ಜಾಗ ಬದಲಾಗಿರಲಿಲ್ಲ, ಕೊಂಬೆ ಬಗ್ಗಿಸಲು ಸುತ್ತಿದ್ದ ತಂತಿ ಎಲ್ಲೂ ಕಚ್ಚಿರಲಿಲ್ಲ. ತನ್ನ ಪಾಡಿಗೆ ನಿಂತಿದ್ದ ಮರಕ್ಕೆ ಏನಾಯಿತು ಅಂತ ತಲೆ ಕೆಡಿಸಿಕೊಂಡೆ. ಉತ್ತರ ಸಿಗಲು ಮತ್ತೆ ನಾಲ್ಕು ತಿಂಗಳು ಬೇಕಾಯಿತು. ತಪ್ಪು ನಡೆದದ್ದು ಆ ಜೂನ್‌ನಲ್ಲಿ ಅಲ್ಲ, ಅದಕ್ಕೂ ಒಂಬತ್ತು ತಿಂಗಳು ಹಿಂದೆ, ನಾನು ತುಂಬಾ ಖುಷಿಯಲ್ಲಿದ್ದ ಒಂದು ಸೆಪ್ಟೆಂಬರ್ ಭಾನುವಾರ.

ಮರಕ್ಕೆ ಈಗ ನನ್ನ ಹತ್ತಿರ ಒಂಬತ್ತು ವರ್ಷ. ಮಾಡಿದ್ದು, ಕೆಡಿಸಿದ್ದು, ಸರಿಪಡಿಸಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಬೇಲಿಯಿಂದ ಪೆಟ್ಟಿಗೆಗೆ

ಇದು ಯುರೋಪಿನ ಯೂ, ಟ್ಯಾಕ್ಸಸ್ ಬಕಾಟಾ, ಸೂಜಿ ಎಲೆಯ ಸದಾ ಹಸಿರಿನ ಮರ. ಒಂದು ಹಳೆಯ ಬೇಲಿಯಲ್ಲಿತ್ತು. ಬೇಲಿ ಕಿತ್ತುಹಾಕುವ ಕೆಲಸ ನಡೆದಿತ್ತು, ಜಾಗದವರನ್ನು ಕೇಳಿ ಒಂದು ಬುಡ ತೆಗೆದುಕೊಂಡೆ. ಬೋನ್ಸಾಯ್‌ಗೆ ದಪ್ಪ ಕಾಂಡದ ಯೂ ಬೇಕಿದ್ದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಬೇಲಿಯ ಗಿಡಕ್ಕೆ ದಶಕಗಟ್ಟಲೆ ಕತ್ತರಿ ಬಿದ್ದಿರುತ್ತದೆ. ಮೇಲಕ್ಕೆ ಹೋಗಲು ಬಿಡದೇ ಇದ್ದದ್ದಕ್ಕೆ ಬುಡದಲ್ಲಿ ಮೈ ತುಂಬಿಕೊಂಡಿರುತ್ತದೆ. ಕಾಡಿನಿಂದ ಕೀಳುವ ಮಾತು ಬೇರೆ. ಹಿಮಾಲಯದ ಯೂ ತೊಗಟೆಗೆ, ಎಲೆಗೆ ಅಂತ ಸುಲಿಸಿಕೊಂಡು ಅಪಾಯದ ಅಂಚಿಗೆ ಬಂದಿದೆ. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಪಾಯದಲ್ಲಿರುವ ಗಿಡ, ಪ್ರಾಣಿಗಳನ್ನು ಕಾಯುವ ಸೈಟಿಸ್ ಒಪ್ಪಂದದ ಕಟ್ಟುಪಾಡು ಇದೆ. ಅದರ ತಂಟೆಗೆ ಹೋಗಬೇಡಿ.

ಬುಡದಲ್ಲಿ ಕಾಂಡ 14 ಸೆಂಟಿಮೀಟರ್ ದಪ್ಪ. ಎರಡು ಮೀಟರ್ ಎತ್ತರವಿದ್ದದ್ದನ್ನು 55 ಸೆಂಟಿಮೀಟರ್‌ಗೆ ಕೊಯ್ದೆ. ಕೊಯ್ದ ಮುಖ 9 ಸೆಂಟಿಮೀಟರ್ ಅಗಲ. ಅದನ್ನು ಉಪ್ಪುಕಾಗದದಿಂದ ಉಜ್ಜಿ, ಭೂತಗನ್ನಡಿ ಹಿಡಿದು ಸುತ್ತುಗಳನ್ನು ಎಣಿಸಿದೆ. 43 ಸಿಕ್ಕವು. ಒಂದೊಂದು ಸುತ್ತು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಈ ಮರದ ನಡಿಗೆ ಎಷ್ಟು ನಿಧಾನ ಅಂತ ಅವತ್ತೇ ಅದು ಹೇಳಿತ್ತು. ಕೇಳಿಸಿಕೊಂಡವನು ನಾನಲ್ಲ, ಅಷ್ಟೇ.

ಬೇಲಿಯ ಯೂ ಹೊರಗಿನಿಂದ ನೋಡಿದರೆ ಹಸಿರು ಗೋಡೆ. ಒಳಗೆ ಕೈ ಹಾಕಿದರೆ ಬರೀ ಒಣ ಕಡ್ಡಿ. ಕಾಂಡದ ಹತ್ತಿರ ಒಂದು ಎಲೆಯೂ ಇರಲಿಲ್ಲ. ಇದೇ ಪೈನ್ ಆಗಿದ್ದರೆ ಅಲ್ಲಿಗೆ ಮುಗಿಯಿತು. ಎಲೆ ಇಲ್ಲದ ಕಡೆಗೆ ಪೈನ್ ಕೊಂಬೆ ಕತ್ತರಿಸಿದರೆ ಅದು ಸಾಯುತ್ತದೆ. ಜುನಿಪರ್ ಕೂಡ ಹಾಗೇ. ಯೂ ಹಾಗಲ್ಲ. ತೊಡೆ ದಪ್ಪದ ಬೋಳು ಕಾಂಡದ ಮೇಲೆ, ಐವತ್ತು ವರ್ಷದ ಹಳೇ ತೊಗಟೆ ಸೀಳಿಕೊಂಡು ಕುಡಿ ಒಡೆಯುತ್ತದೆ. ಸೂಜಿ ಎಲೆಯ ಮರಗಳಲ್ಲಿ ಈ ಗುಣ ತುಂಬಾ ಅಪರೂಪ. ಯೂ ಬೋನ್ಸಾಯ್ ಮಾಡುವವರನ್ನು ಸೆಳೆಯುವುದೂ ಇದೇ ಗುಣ, ಹಾಳು ಮಾಡುವುದೂ ಇದೇ. ಎಷ್ಟು ಕತ್ತರಿಸಿದರೂ ಚಿಗುರುತ್ತೆ ಅನ್ನುವ ನಂಬಿಕೆ ಕೈಗೆ ತುರಿಕೆ ತರುತ್ತದೆ.

ಮಾರ್ಚ್‌ನಲ್ಲಿ, ಮೊಗ್ಗು ಉಬ್ಬುವ ಮುಂಚೆ ಅಗೆದೆ. ಎರಡು ಕೊಂಬೆಗಳಲ್ಲಿ ಮಾತ್ರ ಎಲೆ ಉಳಿಸಿದೆ. ಒಂದು ಎಡಕ್ಕೆ, ಕಡ್ಡಿಯಂಥದ್ದು. ಇನ್ನೊಂದು ಬಲಕ್ಕೆ, ಹೆಬ್ಬೆರಳಿಗಿಂತ ದಪ್ಪ, ನೆಲದಿಂದ 24 ಸೆಂಟಿಮೀಟರ್ ಮೇಲೆ, ಸರಿಯಾಗಿ ಮೊದಲ ಕೊಂಬೆ ಇರಬೇಕಾದ ಕಡೆಯಲ್ಲೇ. ನೋಡಿದ ಕೂಡಲೇ ಮನಸ್ಸು ಕೊಟ್ಟೆ. ಉಳಿದದ್ದೆಲ್ಲ ಗೂಟ.

ಬೇರು ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಬಲಗಡೆ ಸಣ್ಣ ಸಣ್ಣ ಬೇರುಗಳ ಗುಂಗುರು. ಎಡಗಡೆ ಮುಂಗೈ ದಪ್ಪದ ಒಂದೇ ಬೇರು, ಅದರ ತುದಿಯಲ್ಲಿ ಒಂದಿಷ್ಟು ನಾರು. ಈ ಎಡಗಡೆಯ ಬೇರನ್ನು ನೆನಪಿಟ್ಟುಕೊಳ್ಳಿ. ನಾನು ಅದನ್ನು ಎರಡು ವರ್ಷ ಮರೆತೆ.

ಬರೀ ಪ್ಯೂಮಿಸ್, ಅಂದರೆ ಹಗುರವಾದ ಜ್ವಾಲಾಮುಖಿ ಕಲ್ಲಿನ ಹರಳು, ತುಂಬಿದ ಮರದ ಪೆಟ್ಟಿಗೆಯಲ್ಲಿ ನೆಟ್ಟೆ. ಹಲಗೆಗಳ ನಡುವೆ ಸಂದು ಬಿಟ್ಟಿದ್ದೆ. ಯೂ ನೆರಳು ಸಹಿಸುತ್ತದೆ, ಚಳಿ ಸಹಿಸುತ್ತದೆ, ಕತ್ತರಿಯನ್ನಂತೂ ಕೇಳಲೇಬೇಡಿ. ಬೇರಿನ ಹತ್ತಿರ ನೀರು ನಿಂತರೆ ಮಾತ್ರ ಸಹಿಸುವುದಿಲ್ಲ, ಕೊಳೆರೋಗ ಬರುತ್ತದೆ. ಬುಡ ಅಲ್ಲಾಡದ ಹಾಗೆ ನಾಲ್ಕು ಮೂಲೆಗೂ ತಂತಿ ಎಳೆದು ಬಿಗಿದೆ. ಹೊಸ ಬೇರಿನ ತುದಿ ಸಣ್ಣ ಅಲ್ಲಾಟಕ್ಕೂ ಮುರಿಯುತ್ತದೆ.

ಏಪ್ರಿಲ್ ಹೋಯಿತು, ಮೇ ಹೋಯಿತು. ಏನೂ ಇಲ್ಲ. ಜೂನ್ ಕೊನೆಗೆ ಒಂದು ಬೆಳಿಗ್ಗೆ ನೀರು ಹಾಕುವಾಗ ಕಾಂಡದ ಮೇಲೆ ಸಾಸಿವೆ ಕಾಳಿನಷ್ಟು ತಿಳಿ ಹಸಿರು ಚುಕ್ಕೆಗಳು ಕಂಡವು. ಧೂಳೋ ಪಾಚಿಯೋ ಅಂದುಕೊಂಡು ಉಗುರಿನಿಂದ ಒಂದನ್ನು ಕೆರೆದೇಬಿಟ್ಟೆ. ಕುಡಿ! ಆಗಸ್ಟ್ ಹೊತ್ತಿಗೆ ಎಣಿಸಿದರೆ 70ಕ್ಕಿಂತ ಜಾಸ್ತಿ. ಎರಡನೇ ವರ್ಷ ಅವೇ ಒಂದು ಗೇಣು ಬೆಳೆದವು. ಮರ ಗೆದ್ದಿತು ಅಂತ ನಾನು ತೀರ್ಮಾನ ಮಾಡಿಬಿಟ್ಟೆ.

ಆ ಭಾನುವಾರ

ಕಾಂಡದ ಮುಂಭಾಗದಲ್ಲಿ ಹಳೆಯ ಗರಗಸದ ಗಾಯಗಳಿದ್ದವು. ಚಪ್ಪಟೆ, ದುಂಡಗೆ, ಗುಂಡಿಗಳಂತೆ. ಅವನ್ನು ಮುಚ್ಚಿಹಾಕಲು ಶಾರಿ ಮಾಡೋಣ ಅಂದುಕೊಂಡೆ. ತೊಗಟೆ ಸುಲಿದು ಒಳಗಿನ ಕಟ್ಟಿಗೆಯನ್ನು ಹೊರಗೆ ತೋರಿಸುವುದಕ್ಕೆ ಶಾರಿ ಅಂತಾರೆ. ಅದೇ ಕೆಲಸವನ್ನು ಒಂದು ಕೊಂಬೆಗೆ ಮಾಡಿದರೆ ಜಿನ್. ಮೇಲಿನ ಗಾಯದಿಂದ ಕೆಳಗಿನ ಗಾಯದವರೆಗೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದೆ. ನೆಟ್ಟಗೆ, 4 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದ. ಚಾಕು ಹಾಕಿ ತೊಗಟೆ ಎತ್ತಿದೆ. ಹಸಿ ತೊಗಟೆ ಪಟ್ಟಿಯಾಗಿ ಸಲೀಸಾಗಿ ಬಂತು.

ಅದರ ಕೆಳಗೆ ಕಂಡ ಬಣ್ಣವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೊದಲು ತೆಳುವಾದ ಕೆನೆ ಬಣ್ಣದ ಹೊರಕಟ್ಟಿಗೆ. ಉಳಿ ಇನ್ನೊಂದು ಚೂರು ಒಳಗೆ ಇಳಿದರೆ ಒಮ್ಮೆಗೇ ಕಿತ್ತಳೆ ಬಣ್ಣದ ತಿರುಳು. ಈ ಎರಡು ಪದರಕ್ಕೂ ಬೇರೆ ಬೇರೆ ಗುಣ ಇದೆ. ಹೊರಕಟ್ಟಿಗೆ ಎಳೆತ ತಡೆಯುತ್ತದೆ, ತಿರುಳು ಒತ್ತಡ ತಡೆಯುತ್ತದೆ. ಇಂಗ್ಲೆಂಡಿನ ಉದ್ದಬಿಲ್ಲುಗಳನ್ನು ಯೂನಲ್ಲೇ ಮಾಡುತ್ತಿದ್ದದ್ದು ಇದಕ್ಕೇ. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರಲ್ಲ, ಅದರಲ್ಲಿ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಇಡಿಯಾಗಿ ಸಿಕ್ಕಿದ್ದವು. ಬಿಲ್ಲಿನ ಈ ಗುಣ ತಂತಿ ಕಟ್ಟುವವನನ್ನು ಹೇಗೆ ಕಾಡುತ್ತದೆ ಅನ್ನುವುದು ಆಮೇಲೆ ಬರುತ್ತದೆ.

ಉಳಿಯಿಂದ ಶುರು ಮಾಡಿ ಮಧ್ಯಾಹ್ನಕ್ಕೆ ಗ್ರೈಂಡರ್ ಹಿಡಿದೆ. ಮಾಸ್ಕ್, ಕನ್ನಡಕ, ಕೈಗವಸು ಹಾಕಿಕೊಂಡಿದ್ದೆ, ಅಷ್ಟು ಬುದ್ಧಿ ಇತ್ತು. ಯೂನಲ್ಲಿ ಎಲೆ, ತೊಗಟೆ, ಕಟ್ಟಿಗೆ, ಬೀಜ ಎಲ್ಲವೂ ವಿಷ. ಬೀಜದ ಸುತ್ತ ಇರುವ ಕೆಂಪು ತಿರುಳೊಂದೇ ಹೊರತು. ಟ್ಯಾಕ್ಸಿನ್ ಅನ್ನುವ ವಿಷ ನೇರ ಹೃದಯದ ಬಡಿತಕ್ಕೇ ಕೈ ಹಾಕುತ್ತದೆ. ಕತ್ತರಿಸಿ ಬಿಸಾಡಿದ ಸೊಪ್ಪು ತಿಂದು ಕುದುರೆ, ದನಗಳು ಸತ್ತಿವೆ. ಸೊಪ್ಪು ಒಣಗಿದರೂ ವಿಷ ಹೋಗುವುದಿಲ್ಲ. ಹಾಗಾಗಿ ಕತ್ತರಿಸಿದ್ದನ್ನೆಲ್ಲ ಅವತ್ತೇ ಗುಡಿಸಿ ಚೀಲಕ್ಕೆ ತುಂಬಿ. ಪ್ರಾಣ ತೆಗೆಯುವ ಇದೇ ಕುಲದ ಇನ್ನೊಂದು ಮರ, ಪೆಸಿಫಿಕ್ ಯೂ, ಕ್ಯಾನ್ಸರ್ ಔಷಧಿಯನ್ನೂ ಕೊಟ್ಟಿತು ಅನ್ನುವುದು ಬೇರೆ ಸೋಜಿಗ. ಅದರ ತೊಗಟೆಯಲ್ಲಿ ಸಿಕ್ಕ ಟ್ಯಾಕ್ಸಾಲ್‌ನ ರಚನೆಯನ್ನು ರಸಾಯನ ವಿಜ್ಞಾನಿಗಳಾದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ 1971ರಲ್ಲಿ ಪ್ರಕಟಿಸಿದರು. 1992ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು.

ಸಂಜೆಗೆ ಕೆತ್ತನೆ ಮುಗಿಯಿತು. ಅಲ್ಲಿಗೆ ಬಿಡಬೇಕಿತ್ತು, ಅಲ್ವಾ? ಬಿಡಲಿಲ್ಲ. ಬಲಗಡೆಯ ಆ ಕೊಂಬೆಗೆ ನೆನೆಸಿದ ರಾಫಿಯಾ ನಾರು ಸುತ್ತಿ, ಮೇಲೆ 4 ಮಿಲಿಮೀಟರ್ ತಂತಿ ಹಾಕಿ, ಕೆಳಕ್ಕೆ ಬಗ್ಗಿಸಿದೆ. ಮರ ಮರದಂತೆ ಕಂಡಿತು. ಹತ್ತಾರು ಫೋಟೋ ತೆಗೆದೆ.

ಹಸಿರು ನಂಬಿ ಕೆಟ್ಟದ್ದು

ಚಳಿಗಾಲದಿಂದ ವಸಂತದೊಳಗೆ ಎರಡು ಸುಳಿವು ಸಿಕ್ಕವು. ಎರಡನ್ನೂ ತಪ್ಪಾಗಿ ಓದಿದೆ.

ಯೂನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಾಗಂತ ಅದೇನೂ ಕಲ್ಲಿನ ಮೇಲೆ ಕೊರೆದದ್ದಲ್ಲ. ಸ್ಕಾಟ್ಲೆಂಡಿನ ಫಾರ್ಟಿಂಗಲ್‌ನ ಪುರಾತನ ಯೂ ಗಂಡು ಅಂತಲೇ ದಾಖಲಾಗಿತ್ತು, 2015ರಲ್ಲಿ ಅದರ ಒಂದು ಕೊಂಬೆ ಕೆಂಪು ಹಣ್ಣು ಬಿಟ್ಟಿತು. ನನ್ನದು ಗಂಡು. ಗಂಡು ಹೂಮೊಗ್ಗು ಕಡ್ಡಿಯ ಅಡಿಯಲ್ಲಿ ಪುಟ್ಟ ದುಂಡು ಮಣಿಗಳಂತೆ ಸಾಲಾಗಿ ನೇತಾಡುತ್ತದೆ. ಎಲೆಮೊಗ್ಗು ಚೂಪು, ತುದಿಯಲ್ಲಿ ಇರುತ್ತದೆ. ಆ ಚಳಿಗಾಲ ಬಲಗಡೆಯ ಕೊಂಬೆಯ ತುಂಬಾ ಮಣಿಗಳೇ. ಉಳಿದ ಕಡೆ ಅಲ್ಲೊಂದು ಇಲ್ಲೊಂದು. ಕೊಂಬೆ ಎಷ್ಟು ಗಟ್ಟಿಮುಟ್ಟಾಗಿದೆ ನೋಡು, ಹೇಗೆ ಹೂ ಕಟ್ಟಿದೆ ಅಂತ ಬೀಗಿದೆ. ನಿಜ ಉಲ್ಟಾ ಇತ್ತು. ಹೂ ತುಂಬಿದ ಕಡ್ಡಿಯಲ್ಲಿ ಎಲೆಮೊಗ್ಗಿಗೆ ಜಾಗವೂ ಇಲ್ಲ, ಕಸುವೂ ಇಲ್ಲ. ಈಗ ನಾನು ಚಳಿಗಾಲ ಬಂದರೆ ಚಿಮಟ ಹಿಡಿದು ಕೂತು ಆ ಮಣಿಗಳನ್ನೆಲ್ಲ ಕಿತ್ತು ಹಾಕುತ್ತೇನೆ. ಎರಡು ಸಂಜೆಯ ಕೆಲಸ, ಬೇಸರದ ಕೆಲಸ. ಆದರೆ ಮುಂದಿನ ಚಿಗುರಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಎರಡನೇ ಸುಳಿವು ವಸಂತದಲ್ಲಿ. ಎಡಗಡೆಯ ಚಿಗುರು 6 ಸೆಂಟಿಮೀಟರ್ ಓಡಿದರೆ ಬಲಗಡೆಯದು 2ಕ್ಕೇ ನಿಂತಿತು. ತಂತಿ ಹಾಕಿ ಬಗ್ಗಿಸಿದ್ದೇನಲ್ಲ, ಸುಧಾರಿಸಿಕೊಳ್ಳುತ್ತಿದೆ ಅಂದುಕೊಂಡೆ.

ಜೂನ್‌ನಲ್ಲಿ ಹಳದಿ ಶುರುವಾದಾಗ ಗಾಬರಿಯಾಯಿತು. ಮೊದಲು ನೀರಿನ ಮೇಲೆ ಅನುಮಾನ, ಕಡಿಮೆ ಮಾಡಿದೆ. ಆಮೇಲೆ ಬಿಸಿಲಿನ ಮೇಲೆ, ನೆರಳಿಗೆ ತಂದೆ. ಮೂರನೆಯದಾಗಿ ಗೊಬ್ಬರ ಕೊಟ್ಟೆ. ಸೊರಗಿದ ಮರಕ್ಕೆ ಗೊಬ್ಬರ ಕೊಡುವುದು ಎಂಥಾ ಪೆದ್ದ ಕೆಲಸ ಅಂತ ಬೇರೆಯವರಿಗೆ ನಾನೇ ಹೇಳಿದ್ದಿದೆ.

ಆಗಸ್ಟ್‌ನಲ್ಲಿ ಎಲೆಯ ಅಂಚಿನಲ್ಲಿ ಅರ್ಧಚಂದ್ರದಂಥ ಕಚ್ಚು ಕಂಡವು. ಕುಂಡದ ಗಿಡಗಳಿಗೆ ಕಾಟ ಕೊಡುವ ವೈನ್ ವೀವಿಲ್ ಅನ್ನುವ ಕಪ್ಪು ಮೂತಿಹುಳದ ಗುರುತು ಅದು. ಈ ಹುಳದಲ್ಲಿ ಗಂಡೇ ಬೇಕಿಲ್ಲ, ಒಂದು ಹೆಣ್ಣು ಬಂದರೆ ಸಂಸಾರ ಶುರು. ರಾತ್ರಿ ಎಲೆ ಕಚ್ಚುವುದು ದೊಡ್ಡ ಹುಳ, ಅದರಿಂದ ಅಷ್ಟೇನೂ ನಷ್ಟವಿಲ್ಲ. ಕೊಲ್ಲುವುದು ಮಣ್ಣಿನಲ್ಲಿರುವ ಮರಿ. ಅದು ಬೇರಿನ ಸಿಪ್ಪೆ ತಿನ್ನುತ್ತದೆ. ಪೆಟ್ಟಿಗೆಯ ಬದಿ ಹಲಗೆ ಬಿಚ್ಚಿ ಕೆದಕಿದೆ. ಸಿಕ್ಕವು ಎರಡು: ಬಿಳಿ ಮೈ, ಕಂದು ತಲೆ, ಕಾಲಿಲ್ಲ, ಕೊಕ್ಕೆಯಂತೆ ಬಾಗಿಕೊಂಡಿದ್ದವು. ಕಳ್ಳ ಸಿಕ್ಕಿಬಿದ್ದ ಅಂತ ನಿಟ್ಟುಸಿರು ಬಿಟ್ಟೆ. ಮರಿಗಳನ್ನು ಹುಡುಕಿ ಕೊಲ್ಲುವ ನೆಮಟೋಡ್ ಅನ್ನುವ ಅತಿ ಸಣ್ಣ ಹುಳುಗಳನ್ನು ನೀರಿನಲ್ಲಿ ಕಲಸಿ ಹಾಕಿದೆ.

ಹುಳ ಹೋಯಿತು. ಹಳದಿ ಹೋಗಲಿಲ್ಲ. ಅದೂ ಅಲ್ಲದೆ, ನಾನು ಕೆದಕಿದ ಬಲಗಡೆಯ ಬೇರುಗಳು ಬೆಳ್ಳಗೆ, ಲಕಲಕ ಅನ್ನುತ್ತಿದ್ದವು. ಬಲಗಡೆಯ ಬೇರು ಇಷ್ಟು ಚೆನ್ನಾಗಿದ್ದರೆ ಬಲಗಡೆಯ ಕೊಂಬೆ ಯಾಕೆ ಸಾಯುತ್ತಿದೆ? ಈ ಪ್ರಶ್ನೆ ಕೇಳಿಕೊಳ್ಳಲು ನನಗೆ ಇನ್ನೂ ಎರಡು ತಿಂಗಳು ಹಿಡಿಯಿತು.

ಅಕ್ಟೋಬರ್‌ನಲ್ಲಿ ಒಂದು ದಿನ ಕಾಂಡ ತೊಳೆಯಲು ಕೂತೆ. ನೈಲಾನ್ ಬ್ರಷ್, ನೀರು. ಯೂನ ಹೊರತೊಗಟೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅದು ಹೋದರೆ ಅಡಿಯಲ್ಲಿ ಜೀವ ಇರುವ ಕಡೆ ಕೆಂಪು ಮಿಶ್ರಿತ ಕಂದು ಬಣ್ಣ ಹೊಳೆಯುತ್ತದೆ. ಜೀವ ಇಲ್ಲದ ಕಡೆ ಮಂಕು, ಸ್ವಲ್ಪ ಒಳಗೆ ಕುಸಿದಿರುತ್ತದೆ. ತೊಳೆಯುತ್ತಾ ಹೋದ ಹಾಗೆ ಕಾಂಡದ ಮೇಲೆ ನಕ್ಷೆಯೊಂದು ಬಿಡಿಸಿಕೊಂಡಿತು. ಉಬ್ಬುಗಳು ನೆಟ್ಟಗೆ ಇಳಿದಿರಲಿಲ್ಲ. ಹಗ್ಗ ಹೊಸೆದ ಹಾಗೆ ಎಡಕ್ಕೆ ತಿರುಚಿಕೊಂಡು ಇಳಿದಿದ್ದವು. ಬಲಗಡೆಯ ಕೊಂಬೆಯ ಬುಡದ ಮೇಲೆ ಬೆರಳಿಟ್ಟು ಅದರ ಉಬ್ಬು ಹಿಡಿದು ಕೆಳಗೆ ಬಂದೆ. ಬೆರಳು ಬಲಗಡೆಯ ಬೇರಿಗೆ ಹೋಗಲಿಲ್ಲ. ಓರೆಯಾಗಿ ಕಾಂಡದ ಮುಂಭಾಗ ದಾಟಿತು, ನನ್ನ ಶಾರಿಯ ಅಂಚಿಗೆ ಬಂದು ಗುಂಡಿಗೆ ಬಿದ್ದಿತು. ಶಾರಿಯ ಆಚೆ ಅಂಚಿನಿಂದ ಅದೇ ಉಬ್ಬು ಮುಂದುವರಿದು ಎಡಗಡೆಯ ಆ ಮುಂಗೈ ದಪ್ಪದ ಬೇರಿಗೆ ಸೇರಿತ್ತು.

ಬಲಗಡೆಯ ಕೊಂಬೆ ನೀರು ಕುಡಿಯುತ್ತಿದ್ದದ್ದು ಎಡಗಡೆಯ ಬೇರಿನಿಂದ. ನಾನು ಆ ಕಾಲುವೆಯನ್ನು ನಡುವೆ ಒಡೆದಿದ್ದೆ. ಹಿಂಭಾಗದಲ್ಲಿ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಉಳಿದಿತ್ತು. ಅಷ್ಟರಲ್ಲೇ ಕೊಂಬೆ ಒಂದು ವರ್ಷ ಉಸಿರು ಹಿಡಿದುಕೊಂಡಿತ್ತು.

ಉಗುರಿನಿಂದ ಕೊಂಬೆಯ ತೊಗಟೆ ಕೆರೆದು ನೋಡಿದೆ. ಬುಡದ ಹತ್ತಿರ ಒಂದು ಕಡೆ ಇನ್ನೂ ಹಸಿರು, ತೇವ. ನಡುವೆ ಕಂದು. ತುದಿಯಲ್ಲಿ ಒಣ. ಆದರೆ ತುದಿಯಲ್ಲೂ ಎಷ್ಟೋ ಎಲೆ ಇನ್ನೂ ಹಸಿರಾಗೇ ಇದ್ದವು! ವಿಷಯ ಇರುವುದೇ ಇಲ್ಲಿ. ಅಗಲ ಎಲೆಯ ಮರ ನೀರು ಸಿಗುವುದು ನಿಂತ ವಾರದಲ್ಲೇ ಬಾಡಿ ಹೇಳಿಬಿಡುತ್ತದೆ. ಯೂ ಬಾಡುವುದಿಲ್ಲ. ಸತ್ತ ಕೊಂಬೆ ಕೂಡ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಬಣ್ಣ ಮಾಸುತ್ತದೆ, ಎಷ್ಟೋ ಕಾಲದ ಮೇಲೆ ಹಳದಿ, ಕೊನೆಗೆ ಕಂದು. ನಾವು ಹಳದಿ ನೋಡಿ ಓಡಿ ಬರುವ ಹೊತ್ತಿಗೆ ಕಥೆ ಯಾವಾಗಲೋ ಮುಗಿದಿರುತ್ತದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಶಾರಿಯೊಂದೇ ಆಗಿದ್ದರೆ ಕೊಂಬೆ ಉಳಿಯುತ್ತಿತ್ತೇನೋ. ಅಗೆದು ಒಂದೂವರೆ ವರ್ಷವಷ್ಟೇ ಆಗಿತ್ತು, ಬೇರು ಇನ್ನೂ ಪೂರ್ತಿ ಹಿಡಿದಿರಲಿಲ್ಲ. ಅದರ ಮೇಲೆ ಕೆತ್ತನೆ, ಅದೇ ಸಂಜೆ ಬಗ್ಗಿಸುವಿಕೆ. ಎರಡನೇ ವರ್ಷ ಕಂಡ ಚಿಗುರನ್ನು ನಾನು ಹೊಸ ಬೇರಿನ ಲೆಕ್ಕಕ್ಕೆ ಹಾಕಿದ್ದೆ. ಅದರಲ್ಲಿ ಎಷ್ಟೋ ಪಾಲು ಕಾಂಡದಲ್ಲಿ ಕೂಡಿಟ್ಟಿದ್ದ ಹಳೇ ಗಂಟಿನ ಖರ್ಚು.

ಮುಖ ತಿರುಗಿಸಿದ್ದು

ನಾಲ್ಕನೇ ವಸಂತಕ್ಕೆ ಕೊಂಬೆ ಪೂರ್ತಿ ಸತ್ತಿತ್ತು. ಆ ವರ್ಷ ನಾನು ಮಾಡಿದ ಕೆಲಸ: ನೀರು ಹಾಕಿದ್ದು. ತಂತಿ ಬಿಚ್ಚಿದೆ, ಬೇರೆ ಯಾವ ಉಪಕರಣವನ್ನೂ ಮುಟ್ಟಲಿಲ್ಲ. ಬೋನ್ಸಾಯ್‌ನಲ್ಲಿ ಸುಮ್ನೆ ಇರುವುದನ್ನು ಕಲಿಯಲು ಯೂನಷ್ಟು ಕಟ್ಟುನಿಟ್ಟಿನ ಮೇಷ್ಟ್ರು ಬೇರೆ ಇಲ್ಲ.

ಸುಮ್ನಿದ್ದ ಆ ವರ್ಷದಲ್ಲಿ ದಿನಾ ಮರ ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ಇನ್ನೊಂದು ತಪ್ಪು ಕಂಡಿತು. ಇದು ಸಾಗುವಳಿಯ ತಪ್ಪಲ್ಲ, ಕಣ್ಣಿನ ತಪ್ಪು. ನಾನು ಇದನ್ನು ಪೈನ್ ಮಾಡಲು ಹೊರಟಿದ್ದೆ. ಚೂಪು ತುದಿ, ಕೆಳಕ್ಕೆ ಇಳಿದ ಕೊಂಬೆ, ತ್ರಿಕೋನ. ನಿಜವಾದ ಹಳೇ ಯೂ ಹಾಗಿರುತ್ತದೆಯೇ? ವಯಸ್ಸಾದ ಯೂ ಎತ್ತರಕ್ಕೆ ಹೋಗುವುದನ್ನು ಬಿಟ್ಟು ಅಗಲವಾಗುತ್ತದೆ. ಒಳಗಿನ ತಿರುಳು ಕೊಳೆತು ಪೊಟರೆಯಾಗುತ್ತದೆ. ಹೊರಗಿನ ಜೀವಂತ ಚಿಪ್ಪು ಮಾತ್ರ ಬೆಳೆಯುತ್ತಾ ಇರುತ್ತದೆ. ಇಂಗ್ಲೆಂಡಿನ ಕ್ರೋಹರ್ಸ್ಟ್‌ನ ಯೂ ಪೊಟರೆಗೆ ಬಾಗಿಲನ್ನೇ ಕೂರಿಸಿದ್ದಾರೆ. ಫಾರ್ಟಿಂಗಲ್‌ನ ಯೂ 18ನೇ ಶತಮಾನದಲ್ಲಿ ಅಳೆದಾಗ ಸುತ್ತಳತೆಯಲ್ಲಿ 15 ಮೀಟರ್ ದಾಟಿತ್ತು. ಈಗ ನಡುವಿನ ಕಟ್ಟಿಗೆ ಪೂರ್ತಿ ಹೋಗಿ, ಉಳಿದ ಚಿಪ್ಪಿನ ತುಂಡುಗಳು ಬೇರೆ ಬೇರೆ ಮರಗಳ ಹಾಗೆ ಕಾಣುತ್ತವೆ. ಯೂನ ಮುಪ್ಪು ಅಂದರೆ ಟೊಳ್ಳು. ಮಿಂಚು ಹೊಡೆದು ಬೆಳ್ಳಗೆ ಒಣಗಿದ ಚೂಪು ತುದಿಗಳು ಬೆಟ್ಟದ ಜುನಿಪರ್‌ಗೆ ಒಪ್ಪುತ್ತವೆ. ಯೂ ಮೇಲೆ ಅವನ್ನು ಹೇರಿದರೆ ಯಾರದೋ ಅಂಗಿ ತೊಟ್ಟ ಹಾಗಿರುತ್ತದೆ. ಎಷ್ಟೋ ಪ್ರದರ್ಶನದ ಯೂಗಳು ಹೀಗೇ ಇರುತ್ತವೆ, ಬಹುಮಾನವೂ ಬರುತ್ತದೆ. ನನಗೆ ಹಿಡಿಸುವುದಿಲ್ಲ.

ಹೀಗೆ ಯೋಚನೆ ಬದಲಾದ ಮೇಲೆ ಸತ್ತ ಕೊಂಬೆ ನಷ್ಟ ಅನಿಸಲಿಲ್ಲ. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಸುಮಾರು 40 ಡಿಗ್ರಿ ಬಲಕ್ಕೆ ತಿರುಗಿಸಿದಾಗ ಎಡಗಡೆಯ ದಪ್ಪ ಬೇರು ಮುಂದಕ್ಕೆ ಬಂತು. ತಿರುಚಿದ ಉಬ್ಬುಗಳು ಎದುರಿಗೇ ಕಂಡವು. ನಾನು ಸುಲಿದ ಜಾಗ ಒಂದು ಬದಿಗೆ ಸರಿದು ನೆರಳಿಗೆ ಹೋಯಿತು. ಆ ನೆರಳಿನಲ್ಲಿ ಪೊಟರೆ ಮಾಡಬಹುದು ಅನಿಸಿತು.

ಐದನೇ ವರ್ಷದ ಜುಲೈನಲ್ಲಿ ಕೆತ್ತಿದೆ. ಈ ಸಲ ಉಪಕರಣ ಹಿಡಿಯುವ ಮುಂಚೆ ಕಾಂಡ ಪೂರ್ತಿ ತೊಳೆದು, ಜೀವ ಇರುವ ಪಟ್ಟಿಗಳ ಎರಡೂ ಅಂಚಿಗೆ ಸೀಮೆಸುಣ್ಣ ಬಳಿದೆ. ಬೇರಿನಿಂದ ಕೊಂಬೆಯವರೆಗೆ ಒಂದೊಂದು ಪಟ್ಟಿಯನ್ನೂ ಬೆರಳಲ್ಲಿ ಹಿಡಿದು ಹೋದೆ. ಎಲ್ಲಿ ಅನುಮಾನ ಬಂತೋ ಅಲ್ಲಿ ಕೆರೆಯಲಿಲ್ಲ. ಸತ್ತ ಕಟ್ಟಿಗೆಯೊಳಗೆ ಮಾತ್ರ ಇಳಿದೆ. ಹೊಸದಾಗಿ ಒಂದು ಇಂಚು ತೊಗಟೆಯನ್ನೂ ಸುಲಿಯಲಿಲ್ಲ. ಸತ್ತ ಕೊಂಬೆಯನ್ನು ಗಿಡ್ಡ ಮಾಡಿ, ಮುರಿದು ಬಿದ್ದ ಕೊಂಬೆಯ ಬುಡದ ಹಾಗೆ ಬಿಟ್ಟೆ. ಅದರ ಕಂಕುಳಿನಿಂದ ಕೆಳಗಿನ ಹಳೇ ಗಾಯದವರೆಗೆ ಟೊಳ್ಳು ಮಾಡಿದೆ. ಗ್ರೈಂಡರ್ ಬಿಟ್ಟ ದುಂಡು ಗುರುತುಗಳನ್ನು ಉಳಿಯಿಂದ ನಾರಿನ ದಿಕ್ಕಿಗೆ ಸೀಳಿ ಅಳಿಸಿದೆ. ಯಂತ್ರದ ಗೀರು ಹೋಗಲು ಈ ಕೆಲಸ ಬೇಕೇ ಬೇಕು. ನಾರು ಎತ್ತ ಓಡುತ್ತದೋ ಅತ್ತಲೇ ಚಕ್ಕೆ ಎಳೆಯಬೇಕು. ಆಗ ಕಟ್ಟಿಗೆಯೇ ತನ್ನ ತಿರುಚನ್ನು ತೋರಿಸುತ್ತದೆ. ಟೊಳ್ಳಿನಲ್ಲಿ ನೀರು ನಿಲ್ಲದ ಹಾಗೆ ಕೆಳಗೆ ಹಿಂದಕ್ಕೆ ಒಂದು ದಾರಿ ಕೊರೆದೆ.

ಸತ್ತ ಕಟ್ಟಿಗೆ ಕೊಳೆಯದಂತೆ ಸುಣ್ಣ ಗಂಧಕದ ದ್ರಾವಣ ಹಚ್ಚುವ ವಿಷಯದಲ್ಲಿ ಎರಡು ಮಾತು. ಕಟ್ಟಿಗೆ ತೇವ ಇರುವಾಗ ಹಚ್ಚಿದರೆ ಒಳಗೆ ಇಳಿಯುತ್ತದೆ. ಹಚ್ಚುವಾಗ ಹಳದಿ, ಬಿಸಿಲಿಗೆ ಒಣಗಿದ ಮೇಲೆ ಬಿಳಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಯಲಿನಲ್ಲಿ ಹಚ್ಚಿ. ಅದನ್ನು ಹಾಗೇ ಹಚ್ಚಿದರೆ ಯೂ ಮೇಲೆ ಗೋಡೆಗೆ ಬಳಿದ ಸುಣ್ಣದ ಹಾಗೆ ಕಣ್ಣಿಗೆ ಹೊಡೆಯುತ್ತದೆ. ನಾನು ಚೂರು ಕಪ್ಪು ಶಾಯಿ ಬೆರೆಸಿ ಬೂದು ಮಾಡಿಕೊಂಡೆ, ಪೊಟರೆಯ ಒಳಗೆ ಇನ್ನೂ ಗಾಢ. ಜೀವಂತ ತೊಗಟೆಗೆ, ಮಣ್ಣಿಗೆ ತಾಗದಂತೆ ನೋಡಿಕೊಂಡೆ.

ಬಿಲ್ಲಿನ ಮರವನ್ನು ಬಗ್ಗಿಸುವುದು

ಆರನೇ ವರ್ಷದ ಮಾರ್ಚ್‌ನಲ್ಲಿ ಪೆಟ್ಟಿಗೆಯಿಂದ ಕುಂಡಕ್ಕೆ ತಂದೆ. ಹಳೇ ತೋಟದ ಮಣ್ಣನ್ನು ಒಂದು ಅರ್ಧದಿಂದ ಮಾತ್ರ ತೆಗೆದೆ. ಇನ್ನರ್ಧ ಮುಂದಿನ ಸಲಕ್ಕೆ. ಆ ವರ್ಷ ಬೇರೆ ಕೆಲಸ ಇಲ್ಲ. ಒಂದು ವರ್ಷಕ್ಕೆ ಒಂದೇ ದೊಡ್ಡ ಕೆಲಸ ಅನ್ನುವುದು ಈಗ ನನ್ನ ನಿಯಮ. ಅದಕ್ಕೂ ಮುಂಚೆ ಮೊಗ್ಗು ನೋಡುತ್ತೇನೆ. ಕ್ಯಾಲೆಂಡರ್ ಏನೇ ಹೇಳಲಿ, ತುದಿಮೊಗ್ಗು ದಪ್ಪ ಇಲ್ಲದಿದ್ದರೆ, ಕಳೆದ ವರ್ಷದ ಚಿಗುರು ಅದರ ಹಿಂದಿನ ವರ್ಷದ್ದಕ್ಕಿಂತ ಗಿಡ್ಡ ಇದ್ದರೆ, ಕೆಲಸ ಮುಂದಕ್ಕೆ.

ಏಳನೇ ವರ್ಷದ ಶರತ್ಕಾಲದಲ್ಲಿ ಕೊಂಬೆಗಳಿಗೆ ತಂತಿ ಕಟ್ಟಿದೆ. ಮೊದಲ ವರ್ಷ ಸಾಸಿವೆ ಕಾಳಿನಷ್ಟಿದ್ದ ಕುಡಿಗಳೇ ಈಗ ಪೆನ್ಸಿಲ್ ದಪ್ಪದ ಕೊಂಬೆಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆ ಬೋನ್ಸಾಯ್ ಮಾಡುವವರಿಗೆ ಆಗಾಗ ನೆನಪಾಗುತ್ತದೆ. ಯೂ ವಿಷಯದಲ್ಲಿ ಗಾದೆ ಅರ್ಧ ಮಾತ್ರ ನಿಜ. ಬಗ್ಗುತ್ತದೆ, ದಪ್ಪಗಿದ್ದರೂ ಬಗ್ಗುತ್ತದೆ. ತಂತಿ ತೆಗೆದ ದಿನ ಎದ್ದು ಹಳೇ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಬಿಲ್ಲು ತಾನೇ! ಬೇರೆ ಮರಕ್ಕೆ ಒಂದು ಬೆಳೆಗಾಲ ಸಾಕಾದರೆ ಇದಕ್ಕೆ ಎರಡು ಬೇಕು. ಆದರೆ ಅಷ್ಟು ದಿನ ಒಂದೇ ತಂತಿ ಬಿಟ್ಟರೆ ತೆಳು ತೊಗಟೆಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬಿಚ್ಚಿ, ಗುರುತು ಬಿದ್ದ ಕಡೆ ಬಿಟ್ಟು ಪಕ್ಕದಲ್ಲಿ ಸುತ್ತುತ್ತೇನೆ. ದಪ್ಪ ಕೊಂಬೆಗಳಿಗೆ ಸುತ್ತುವ ಬದಲು ಎಳೆತಂತಿ, ಅಂದರೆ ಕೊಂಬೆಯನ್ನು ಬೇಕಾದ ಕಡೆಗೆ ಎಳೆದು ಹಿಡಿಯುವ ತಂತಿ, ಕಟ್ಟುವುದೇ ಮೇಲು.

ಚಿಗುರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಸಂತದಲ್ಲಿ ಹಸಿ ಚಿಗುರನ್ನು ಚಿವುಟಬೇಡಿ, ಮರ ಸೊರಗುತ್ತದೆ. ಪೂರ್ತಿ ಬೆಳೆದು ಗಟ್ಟಿಯಾದ ಮೇಲೆ, ಬೇಸಿಗೆಯ ಕೊನೆಗೆ ಕತ್ತರಿಸಿ, ಹಿಂದೆ ಒಂದಿಷ್ಟು ಎಲೆ ಉಳಿಸಿ. ತುದಿಯಲ್ಲಿ ಮೂರು ಮೊಗ್ಗು ಗುಂಪಾಗಿದ್ದರೆ ಎರಡನ್ನು ಉಳಿಸಿ, ಒಂದನ್ನು ತೆಗೆಯಿರಿ. ಕೊಂಬೆಯಡಿ ಕೆಳಮುಖ ಮಾಡಿದ ಎಲೆ ತೆಗೆದರೆ ತಟ್ಟೆಯಂಥ ಆಕಾರ ಸ್ಪಷ್ಟವಾಗುತ್ತದೆ. ನೆತ್ತಿಯಲ್ಲಿ ಜಾಸ್ತಿ ಕತ್ತರಿಸಿ, ಒಳಗಡೆ ಮತ್ತು ಕೆಳಗಡೆ ಕೈ ಬಿಗಿ ಹಿಡಿಯಿರಿ. ನೆರಳು ತಡೆಯುವ ಮರ ಅಂತ ಒಳಗಿನ ಕುಡಿಗಳನ್ನು ಪೂರ್ತಿ ಕತ್ತಲಿಗೆ ದೂಡಿದರೆ ಅವೂ ಸೋಲುತ್ತವೆ.

ಈಗ ಮರ ಎತ್ತರಕ್ಕಿಂತ ಸ್ವಲ್ಪ ಜಾಸ್ತಿ ಅಗಲ. ನೆತ್ತಿ ದುಂಡಗೆ, ಮೂರು ಗುಡ್ಡೆಗಳ ಹಾಗೆ. ಶಾರಿಯ ಎರಡೂ ಅಂಚಿನಲ್ಲಿ ಜೀವಂತ ತೊಗಟೆ ಉರುಟಾಗಿ ಉಬ್ಬಿ, ಸತ್ತ ಕಟ್ಟಿಗೆಯನ್ನು ತುಟಿಯಂತೆ ಹಿಡಿದುಕೊಳ್ಳುತ್ತಿದೆ. ಅಳೆದು ನೋಡಿದೆ, ಐದು ವರ್ಷದಲ್ಲಿ ಒಂದೊಂದು ಅಂಚಿಗೂ ನಾಲ್ಕೈದು ಮಿಲಿಮೀಟರ್. ಮೇಲಿನ 9 ಸೆಂಟಿಮೀಟರ್ ಕೊಯ್ತ ನನ್ನ ಕಾಲದಲ್ಲಿ ಮುಚ್ಚುವುದಿಲ್ಲ. ಅದನ್ನೂ ಪೊಟರೆಗೆ ಸೇರಿಸಬೇಕು, ಯಾವ ವರ್ಷ ಅಂತ ತೀರ್ಮಾನ ಮಾಡಿಲ್ಲ. ಬಲಗಡೆ ಮಾತ್ರ ಇನ್ನೂ ಬೋಳು. ಅಲ್ಲಿಗೆ ಹಿಂದಿನ ಒಂದು ಕೊಂಬೆಯನ್ನು ತರಲು ಎಳೆತಂತಿ ಕಟ್ಟಿ ಎರಡು ವರ್ಷವಾಗಿತ್ತು. ಮೊನ್ನೆ ಅಕ್ಟೋಬರ್‌ನಲ್ಲಿ ಅದನ್ನು ಬಿಚ್ಚಿದೆ. ಕೊಂಬೆ ಒಂದು ನಿಮಿಷ ಹಾಗೇ ನಿಂತಿತು. ಆಯಿತು ಅಂದುಕೊಂಡು ಒಳಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಎರಡು ಬೆರಳು ಮೇಲೆದ್ದಿತ್ತು. ಮತ್ತೆ ಕಟ್ಟಿದ್ದೇನೆ.